ಮದುವೆಯಾದ ಮೇಲೆ ರಾಜಕುಮಾರಿ

ನನ್ನ ಲೇಖನದ ವಿಷಯವೇನೆಂದು ಕೇಳಿದ ಸಹಪಾಠಿಯೊಬ್ಬಳು ನಕ್ಕುಬಿಟ್ಟಳು. "ಸಂಚಿಕೆಗೆ ಏನಾದರೂ ಘನವಾದುದನ್ನು ಬರೆ. ಮಕ್ಕಳು ನೋಡುವ ಕಾರ್ಟೂನು ಸಿನಿಮಾದ ಮೇಲೆ ಯಾರಾದರೂ ಲೇಖನ ಬರೆಯುತ್ತಾರೆಯೆ?" ಎಂದಳು. ಆಕೆಯ ಮಾತು ಸುಳ್ಳಲ್ಲ. ಆದರೆ ಘನವಾದ ವಿಷಯಗಳನ್ನು ಬರೆಯಲು ನಮ್ಮ ಅಧ್ಯಾಪಕ ವರ್ಗದವರಿದ್ದಾರೆ. ನನ್ನಂತಹ ವಿದ್ಯಾರ್ಥಿನಿ ತಾನು ಕಂಡುದನ್ನು, ಕಂಡು ಯೋಚಿಸಿದುದನ್ನು ಬರೆದರೆ ಸಾಕು. ಮೇಲಾಗಿ, ಇಲ್ಲಿರುವ ಪ್ರಶ್ನೆ ನನ್ನದಲ್ಲ. ಆರು ವರ್ಷದ ಒಬ್ಬ ಹುಡುಗಿಯದು. ಆ ಹೊತ್ತಿಗೆ ಅದಕ್ಕೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಆದುದರಿಂದಲೇ ಈ ಬರವಣಿಗೆ.

ನಮ್ಮೂರು ನರಸಿಂಹರಾಜಪುರ. ಅಕ್ಕನನ್ನು ಕೊಟ್ಟಿರುವುದು ಕೊಪ್ಪದ ಕಡೆಯ ಒಂದು ಹಳ್ಳಿಗೆ. ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಅಲ್ಲಿದ್ದೆ. ನಮ್ಮ ಸೀಮೆಯ ಮಳೆಯ ಸಂಗತಿಯನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಮಳೆ ಹಿಡಿದರೆ ಬಿಡುವುದಿಲ್ಲ, ಕರೆಂಟು ಹೋದರೆ ಬರುವುದಿಲ್ಲ. ಅಕ್ಕನ ಮಗಳು ಮೊಬೈಲಿನಲ್ಲಿ ಚಾರ್ಜು ಇರುವಷ್ಟು ಹೊತ್ತು 'ಸಿಂಡ್ರೆಲಾ' ನೋಡಿದಳು. ಅದು ಅವಳಿಗೆ ಎಷ್ಟನೆಯ ಸಲವೋ ಲೆಕ್ಕವಿಲ್ಲ. ಗಾಜಿನ ಪಾದರಕ್ಷೆ ಕಾಲಿಗೆ ಸರಿಹೊಂದಿತು, ಮದುವೆಯಾಯಿತು, ಗಾಡಿ ಹೊರಟಿತು. ಅಲ್ಲಿಗೆ ಮೊಬೈಲೂ ಆರಿತು. ಹುಡುಗಿ ನನ್ನ ಕಡೆ ತಿರುಗಿ, "ಚಿಕ್ಕಿ, ಮದುವೆ ಆದ್ಮೇಲೆ ಸಿಂಡ್ರೆಲಾ ಏನ್ ಮಾಡಿದ್ಲು?" ಎಂದು ಕೇಳಿದಳು.

ಅಕ್ಕಿ ಆರಿಸುತ್ತ ಕುಳಿತಿದ್ದ ಅಕ್ಕ, "ಇನ್ನೇನ್ ಮಾಡ್ತಾಳೆ? ಒಲೆ ಮುಂದೆ ಕೂತಿರ್ತಾಳೆ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಅಕ್ಕನ ಮದುವೆಯಾದಾಗ ಆಕೆ ಬಿ.ಎ. ಎರಡನೆಯ ವರ್ಷದಲ್ಲಿದ್ದಳು, ಮೂರನೆಯ ವರ್ಷಕ್ಕೆ ಹೋಗಲಿಲ್ಲ.

ಈ ಸಿನಿಮಾಕ್ಕೆ ಎರಡನೆಯ ಭಾಗವೂ ಇದೆಯೆಂದು ನಾನು ಹುಡುಗಿಗೆ ಆಸೆ ಹುಟ್ಟಿಸಿದೆ. ಮರುದಿನ ಕರೆಂಟು ಬಂದಾಗ ಹುಡುಕಿ ಹಾಕಿಕೊಟ್ಟೆ. ಅರ್ಧ ಗಂಟೆಯೂ ಆಗಲಿಲ್ಲ, ಎದ್ದು ಹೋಗಿ ಜಗಲಿಯ ಅಂಚಿನಲ್ಲಿ ಕಾಗದದ ದೋಣಿ ಬಿಡತೊಡಗಿದಳು. ಏಕೆಂದು ಕೇಳಿದರೆ, "ಇದ್ರಲ್ಲಿ ಏನೂ ಆಗೋದೇ ಇಲ್ಲ ಚಿಕ್ಕಿ" ಎಂದಳು. ದೊಡ್ಡ ದೊಡ್ಡ ವಿಮರ್ಶಕರು ಹಲವು ಪುಟಗಳಲ್ಲಿ ಹೇಳುವುದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಮೊದಲನೆಯ ಕಥೆ ಅಷ್ಟು ಚೆನ್ನಾಗಿದ್ದು ಎರಡನೆಯದು ಏಕೆ ಹೀಗಾಗುತ್ತದೆ? ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಈ ಚಿತ್ರಗಳ ಚರಿತ್ರೆ. ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿ ಕಥೆ ಹೇಳುವ ಅಮೆರಿಕದ ವಾಲ್ಟ್ ಡಿಸ್ನಿ ಸಂಸ್ಥೆ ತನ್ನ ಮೊದಲನೆಯ ಪೂರ್ಣಪ್ರಮಾಣದ ಚಿತ್ರವಾದ 'ಸ್ನೋವೈಟ್'ಅನ್ನು ತೆರೆಗೆ ತಂದುದು ೧೯೩೭ರಲ್ಲಿ. 'ಸಿಂಡ್ರೆಲಾ' ಬಂದುದು ೧೯೫೦ರಲ್ಲಿ, 'ಸ್ಲೀಪಿಂಗ್ ಬ್ಯೂಟಿ' ೧೯೫೯ರಲ್ಲಿ. ಮುಂದೆ 'ಲಿಟಲ್ ಮರ್ಮೇಡ್' ೧೯೮೯ರಲ್ಲಿ, 'ಬ್ಯೂಟಿ ಅಂಡ್ ದಿ ಬೀಸ್ಟ್' ೧೯೯೧ರಲ್ಲಿ, 'ಅಲ್ಲಾದೀನ್' ೧೯೯೨ರಲ್ಲಿ ಬಂದವು. ಇವುಗಳಲ್ಲಿ ಬಹುಪಾಲು ಕಥೆಗಳು ಮದುವೆಯ ಬಳಿ, ಇಲ್ಲವೆ ಮದುವೆ ನಿಶ್ಚಯವಾದ ಬಳಿ ಮುಗಿಯುತ್ತವೆ.

೧೯೯೪ರಲ್ಲಿ ಒಂದು ಹೊಸ ಪದ್ಧತಿ ಹುಟ್ಟಿತು. ಅಲ್ಲಾದೀನನ ಮುಂದಿನ ಕಥೆಯಾದ 'ದಿ ರಿಟರ್ನ್ ಆಫ್ ಜಾಫರ್' ಎಂಬುದನ್ನು ಸಂಸ್ಥೆಯವರು ಚಿತ್ರಮಂದಿರಕ್ಕೆ ಕಳುಹಿಸದೆ ನೇರವಾಗಿ ವಿಡಿಯೋ ಕ್ಯಾಸೆಟ್ಟಾಗಿ ಮಾರಿದರು. ಖರ್ಚು ಕಡಿಮೆ, ಲಾಭ ಹೆಚ್ಚು. ಅಂದ ಮೇಲೆ ಕೇಳಬೇಕೆ? ೧೯೯೭ರಲ್ಲಿ 'ಬ್ಯೂಟಿ ಅಂಡ್ ದಿ ಬೀಸ್ಟ್'ಗೆ, ೧೯೯೮ರಲ್ಲಿ 'ಪೊಕಹಾಂಟಸ್'ಗೆ, ೨೦೦೦ದಲ್ಲಿ 'ಲಿಟಲ್ ಮರ್ಮೇಡ್'ಗೆ, ೨೦೦೨ರಲ್ಲಿ 'ಸಿಂಡ್ರೆಲಾ'ಗೆ, ೨೦೦೪ರಲ್ಲಿ 'ಮುಲಾನ್'ಗೆ, ಹೀಗೆ ಒಂದಾದ ಮೇಲೊಂದು ಉತ್ತರಭಾಗಗಳು ಬಂದವು. ಸಿಂಡ್ರೆಲಾಗೆ ೨೦೦೭ರಲ್ಲಿ ಮೂರನೆಯ ಭಾಗವೂ ಬಂದಿತು. ಅದೇ ವರ್ಷ ಸಂಸ್ಥೆಯ ಕಲಾವಿಭಾಗದ ಹೊಸ ಮುಖ್ಯಸ್ಥರಾಗಿದ್ದ ಜಾನ್ ಲ್ಯಾಸೆಟರ್ ಇಂತಹ ಅಗ್ಗದ ಉತ್ತರಭಾಗಗಳಿಗೆ ತಡೆ ಹಾಕಿದರು. ಅವುಗಳನ್ನು ತಯಾರಿಸುತ್ತಿದ್ದ ಡಿಸ್ನಿಟೂನ್ ಎಂಬ ಶಾಖೆ ೨೦೧೮ರಲ್ಲಿ ಮುಚ್ಚಿತು.

ಇವುಗಳ ಗುಣಮಟ್ಟ ಕುಸಿದುದಕ್ಕೆ ಎಲ್ಲರೂ ಹೇಳುವ ಮೊದಲ ಕಾರಣ ಹಣ. ಇದನ್ನು ತಿಳಿಯಲು ಒಂದು ಚಿಕ್ಕ ಲೆಕ್ಕ ಸಾಕು. ಸಿನಿಮಾದ ತೆರೆಯ ಮೇಲೆ ಒಂದು ಸೆಕೆಂಡಿಗೆ ೨೪ ಚೌಕಟ್ಟುಗಳು ಹಾದುಹೋಗುತ್ತವೆ. 'ಸ್ನೋವೈಟ್' ೮೩ ನಿಮಿಷಗಳ ಚಿತ್ರ. ಎಂದರೆ ಸುಮಾರು ೧ ಲಕ್ಷ ೨೦ ಸಾವಿರ ಚೌಕಟ್ಟುಗಳು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಬಳಸಿದರೂ ಅರವತ್ತು ಸಾವಿರ ಸಲ ರಾಜಕುಮಾರಿಯನ್ನೋ ಅವಳ ಸುತ್ತಲಿನವರನ್ನೋ ಕೈಯಿಂದ ಬರೆಯಬೇಕು. ಕಡಿಮೆ ಖರ್ಚಿನಲ್ಲಿ ಮಾಡುವವರು ಒಂದೇ ಚಿತ್ರವನ್ನು ಮೂರು ನಾಲ್ಕು ಚೌಕಟ್ಟುಗಳಿಗೆ ಎಳೆಯುತ್ತಾರೆ. ಆಗ ಮೈ ನಿಂತೇ ಇರುತ್ತದೆ, ತುಟಿ ಮಾತ್ರ ಅಲುಗುತ್ತದೆ. ಹಿಂದಿನ ಮರಗಿಡಗಳು ಬರಿಯ ಬಣ್ಣದ ಪರದೆಯಾಗುತ್ತವೆ. ಕೆಲಸವನ್ನು ಆಸ್ಟ್ರೇಲಿಯ, ಜಪಾನು ಮೊದಲಾದೆಡೆಯ ಶಾಖೆಗಳಿಗೆ ಹಂಚುತ್ತಿದ್ದರು. ಅಲ್ಲಿನ ಕಲಾವಿದರು ಕೈಲಾಗದವರೆಂದಲ್ಲ. ಅವರಿಗೆ ದೊರೆಯುತ್ತಿದ್ದ ಕಾಲವೂ ಹಣವೂ ಕಡಿಮೆ.

ಆದರೆ ಹಣವೊಂದೇ ಕಾರಣವೆಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಆರು ವರ್ಷದ ಹುಡುಗಿ ಚೌಕಟ್ಟು ಎಣಿಸಿ ಎದ್ದುಹೋದವಳಲ್ಲ. "ಏನೂ ಆಗೋದೇ ಇಲ್ಲ" ಎಂದಳು. ದೋಷವಿರುವುದು ಕುಂಚದಲ್ಲಿ ಅಲ್ಲ, ಕಥೆಯಲ್ಲಿ.

ಕಥೆ ಮದುವೆಯ ಬಳಿಯೇ ಏಕೆ ನಿಂತಿತು? ಇದು ಹಳೆಯ ಕಾಲದಿಂದ ಬಂದ ನಿಯಮವೆಂದು ನಾನು ತಿಳಿದಿದ್ದೆ. ಹಾಗಲ್ಲ. ನಿದ್ದೆಹೋದ ರಾಜಕುಮಾರಿಯ ಕಥೆಯನ್ನು ಫ್ರಾನ್ಸಿನ ಶಾರ್ಲ್ ಪೆರೋ ೧೬೯೭ರಲ್ಲಿ ಅಚ್ಚುಮಾಡಿಸಿದಾಗ ಅದಕ್ಕೆ ಎರಡನೆಯ ಅರ್ಧವೊಂದಿತ್ತು. ರಾಜಕುಮಾರನ ತಾಯಿ ರಾಕ್ಷಸ ಕುಲದವಳು. ಮಗ ಯುದ್ಧಕ್ಕೆ ಹೋದಾಗ ಅವಳು ಸೊಸೆಯನ್ನೂ ಎರಡು ಮೊಮ್ಮಕ್ಕಳನ್ನೂ ಅಡುಗೆ ಮಾಡಿಸಿ ತಿನ್ನಬೇಕೆನ್ನುತ್ತಾಳೆ. ಮನೆಯ ನೌಕರನು ಮರುಕಪಟ್ಟು ಅವರನ್ನು ಅಡಗಿಸಿ, ಬೇರೆ ಮಾಂಸ ಬೇಯಿಸಿ ಬಡಿಸುತ್ತಾನೆ. ಕೊನೆಗೆ ಅತ್ತೆ ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುತ್ತಾಳೆ. ಗ್ರಿಮ್ ಸೋದರರು ೧೮೧೨ರಲ್ಲಿ ಈ ಕಥೆಯನ್ನು ತಮ್ಮ ಸಂಗ್ರಹದಲ್ಲಿ ಕೊಟ್ಟಾಗ ಮದುವೆಗೆ ಮುಗಿಸಿದರು. ಸಿನಿಮಾದವರೂ ಅದೇ ದಾರಿ ಹಿಡಿದರು. ಎಂದರೆ, ಉತ್ತರಭಾಗ ಮೊದಲೇ ಇತ್ತು. ಅದನ್ನು ಕತ್ತರಿಸಿ ಹಾಕಿ, ಅನಂತರ ಅಂಗಡಿಯಲ್ಲಿ ಬೇರೊಂದನ್ನು ಮಾರಿದಂತಾಯಿತು.

ಇಲ್ಲಿ ನಮ್ಮ ಭಾಷೆಯ ಒಂದು ಶಬ್ದ ನನಗೆ ದಾರಿದೀಪವಾಯಿತು. ಮುಂದುವರಿದ ಕಥೆಗೆ ನಾವು ಉತ್ತರಭಾಗ ಎನ್ನುತ್ತೇವೆ. ಉತ್ತರಕಾಂಡ, ಉತ್ತರಪುರಾಣ, ಭವಭೂತಿಯ ಉತ್ತರರಾಮಚರಿತ, ಇವೆಲ್ಲ ಆ ಜಾತಿಯವು. 'ಉತ್ತರ' ಎಂದರೆ ಮುಂದಿನದು. ಆದರೆ ಉತ್ತರ ಎಂದರೆ ಪ್ರಶ್ನೆಗೆ ಕೊಡುವ ಜವಾಬೂ ಹೌದು. ಒಳ್ಳೆಯ ಉತ್ತರಕಥೆ ಈ ಎರಡೂ ಅರ್ಥದಲ್ಲಿ ಉತ್ತರವಾಗಿರುತ್ತದೆ ಎಂಬುದು ನನ್ನ ನಮ್ರ ಅಭಿಪ್ರಾಯ. ಮೊದಲನೆಯ ಕಥೆ ತನಗರಿವಿಲ್ಲದೆ ಒಂದು ಪ್ರಶ್ನೆಯನ್ನು ಉಳಿಸಿ ಹೋಗಿರುತ್ತದೆ. ಎರಡನೆಯದು ಅದನ್ನು ಕಂಡುಹಿಡಿದು ಉತ್ತರಿಸಬೇಕು. ಪ್ರಶ್ನೆಯಿಲ್ಲದ ಉತ್ತರ, ಪರೀಕ್ಷೆಯಲ್ಲಿ ಹೇಗೋ ಹಾಗೆ ಕಥೆಯಲ್ಲಿಯೂ, ಎಷ್ಟು ಪುಟ ತುಂಬಿಸಿದರೂ ಅಂಕ ಗಳಿಸುವುದಿಲ್ಲ.

ನಮ್ಮ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುವಾಗ ನಾನು ಈ ಮಾತನ್ನು ಪರೀಕ್ಷಿಸಿ ನೋಡಿದೆ. ಒಂದೊಂದು ಊರಿಗೂ ಒಬ್ಬೊಬ್ಬ ರಾಜಕುಮಾರಿ ಸಿಕ್ಕಳು.

ಶೃಂಗೇರಿಯ ಸೀಮೆ ನಮ್ಮಜ್ಜಿಯ ತವರು. ಅಲ್ಲಿಂದ ಹತ್ತು ಕಿಲೋಮೀಟರಿನೊಳಗೆ ಕಿಗ್ಗ. ಅಲ್ಲಿ ಋಷ್ಯಶೃಂಗೇಶ್ವರನ ದೇವಸ್ಥಾನವಿದೆ. ಋಷ್ಯಶೃಂಗನ ಗಿರಿ ಎಂಬುದರಿಂದಲೇ ಶೃಂಗೇರಿ ಎಂಬ ಹೆಸರು ಬಂದಿತೆಂದು ಪ್ರತೀತಿ. ಮಳೆ ಬಾರದ ವರ್ಷ ಜನ ಕಿಗ್ಗಕ್ಕೆ ಹೋಗಿ ಪೂಜೆ ಸಲ್ಲಿಸುವುದು ಎಲ್ಲರಿಗೂ ತಿಳಿದದ್ದೇ. ಅಂಗದೇಶದಲ್ಲಿ ಬರಗಾಲ, ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಋಷಿಕುಮಾರನನ್ನು ಮರುಳುಮಾಡಿ ಕರೆತರುತ್ತಾರೆ, ಅವನು ಕಾಲಿಟ್ಟೊಡನೆ ಮಳೆ, ರಾಜ ರೋಮಪಾದ ಸಂತೋಷದಿಂದ ಮಗಳು ಶಾಂತೆಯನ್ನು ಅವನಿಗೆ ಮದುವೆಮಾಡಿ ಕೊಡುತ್ತಾನೆ. ಸಿನಿಮಾದವರಾದರೆ ಇಲ್ಲಿಗೆ ಗಂಟೆ ಬಾರಿಸಿ ಮುಗಿಸುತ್ತಿದ್ದರು. ಆದರೆ ಒಂದು ಪ್ರಶ್ನೆ ಉಳಿಯಿತಲ್ಲ! ಮಳೆಯ ಬೆಲೆಯಾಗಿ ಕೊಟ್ಟ ಮಗಳು ಅವಳು. ಮೋಸದಿಂದ ಕರೆತಂದ ಅಳಿಯ ಅವನು. ಅವನ ತಂದೆ ವಿಭಾಂಡಕನಾದರೋ ಕೋಪಿಷ್ಠ. ಇಂತಹ ಮದುವೆ ಹೇಗೆ ನಿಂತೀತು?

ಮಹಾಭಾರತದ ವನಪರ್ವ ಇದಕ್ಕೆ ಉತ್ತರ ಕೊಡುತ್ತದೆ. ಕೋಪದಿಂದ ಬಂದ ವಿಭಾಂಡಕನು ಸೊಸೆಯನ್ನು ಕಂಡು ಶಾಂತನಾಗುತ್ತಾನೆ. ಒಬ್ಬ ಮಗ ಹುಟ್ಟಿದ ಮೇಲೆ ಕಾಡಿಗೆ ಮರಳಿ ಬಾ ಎಂದು ಮಗನಿಗೆ ಕಟ್ಟುಮಾಡಿ ಹೋಗುತ್ತಾನೆ. ಋಷ್ಯಶೃಂಗ ಹಾಗೆಯೇ ಮರಳುತ್ತಾನೆ, ಅರಮನೆಯಲ್ಲಿ ಬೆಳೆದ ಶಾಂತೆ ಅವನೊಡನೆ ಕಾಡಿಗೆ ಹೋಗುತ್ತಾಳೆ. ರಾಮಾಯಣದಲ್ಲಿಯೋ, ದಶರಥನು ಮಕ್ಕಳಿಗಾಗಿ ಯಾಗ ಮಾಡುವಾಗ ಋಷ್ಯಶೃಂಗನು ಬರುವುದು ಒಬ್ಬನೇ ಅಲ್ಲ, ಶಾಂತೆಯೊಡನೆ. ಕಾಡಿನಿಂದ ಅರಮನೆಗೆ ಬಂದವನ ಕಥೆಗೆ ಅರಮನೆಯಿಂದ ಕಾಡಿಗೆ ಹೋದವಳ ಕಥೆ ಉತ್ತರವಾಯಿತು. ಮದುವೆ ಇಲ್ಲಿ ಕೊನೆಯಲ್ಲ, ಸೇತುವೆ.

ನರಸಿಂಹರಾಜಪುರದವರಿಗೆ ಸಿಂಹನಗದ್ದೆಯ ಬಸದಿ ಗೊತ್ತು. ಅಲ್ಲಿ ಜ್ವಾಲಾಮಾಲಿನಿ ದೇವಿಯ ಸನ್ನಿಧಿಗೆ ದೂರದೂರಿನ ಜನ ಬರುತ್ತಾರೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ನೆನಪಾಗುವುದು ತರಗತಿಯಲ್ಲಿ ಕೇಳಿದ ಶ್ರೀಮತಿಯ ಕಥೆ. ಪಂಪನು ೯೪೧ರಲ್ಲಿ ಬರೆದ ಆದಿಪುರಾಣದಲ್ಲಿ ಶ್ರೀಮತಿ ಒಬ್ಬ ಚಕ್ರವರ್ತಿಯ ಮಗಳು. ಆಕೆಗೆ ಹಿಂದಿನ ಜನ್ಮದ ನಲ್ಲನ ನೆನಪಾಗುತ್ತದೆ. ಎಲ್ಲಿ ಹುಟ್ಟಿದ್ದಾನೆಂದು ತಿಳಿಯದು. ಹಳೆಯ ಜನ್ಮದ ಸಂಗತಿಗಳನ್ನೆಲ್ಲ ಒಂದು ಚಿತ್ರಪಟದಲ್ಲಿ ಬರೆದು ಗೆಳತಿಯ ಕೈಯಲ್ಲಿ ಜಿನಾಲಯಕ್ಕೆ ಕಳುಹಿಸುತ್ತಾಳೆ. ವಜ್ರಜಂಘನೆಂಬ ರಾಜಕುಮಾರನು ಅದನ್ನು ಕಂಡು ಗುರುತಿಸುತ್ತಾನೆ, ಮದುವೆಯಾಗುತ್ತದೆ. ಚಿತ್ರಗಳಿಂದ ಕಥೆ ಹೇಳುವ ವಿದ್ಯೆ ಅಮೆರಿಕದಿಂದಲೇ ಬರಬೇಕಾಗಿರಲಿಲ್ಲ ನೋಡಿ!

ಮುಂದೆ? ಆ ದಂಪತಿಗಳು ಕಾಡಿನಲ್ಲಿ ಮುನಿಗಳಿಗೆ ಆಹಾರದಾನ ಮಾಡುತ್ತಾರೆ. ಒಂದು ರಾತ್ರಿ ಶಯ್ಯಾಗೃಹದ ಕಿಟಕಿಗಳನ್ನು ತೆರೆಯಲು ಸೇವಕರು ಮರೆತು, ಧೂಪದ ಹೊಗೆ ತುಂಬಿ, ಇಬ್ಬರೂ ಒಟ್ಟಿಗೆ ಸಾಯುತ್ತಾರೆ. ಇಷ್ಟು ಪ್ರೀತಿ ಹೊಗೆಯಾಗಿ ಹೋಯಿತೆ ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಜೈನ ಪುರಾಣ ಪರಂಪರೆ ಅದಕ್ಕೆ ಹಲವು ಜನ್ಮಗಳ ಆಚೆ ಉತ್ತರ ಕೊಡುತ್ತದೆ. ವಜ್ರಜಂಘ ಆದಿತೀರ್ಥಂಕರನಾದ ವೃಷಭನಾಥನಾಗುತ್ತಾನೆ. ದೀಕ್ಷೆ ಹಿಡಿದ ಆತನಿಗೆ ಆಹಾರ ಕೊಡುವ ಕ್ರಮವೇ ಜನರಿಗೆ ತಿಳಿಯದೆ ಆತನು ಉಪವಾಸವಿದ್ದು ಅಲೆಯುತ್ತಾನೆ. ಹಸ್ತಿನಾಪುರದ ಶ್ರೇಯಾಂಸನಿಗೆ ಮಾತ್ರ ಹಳೆಯ ಜನ್ಮದ ಆ ಆಹಾರದಾನದ ನೆನಪಾಗಿ, ಕಬ್ಬಿನ ಹಾಲನ್ನು ನೀಡುತ್ತಾನೆ. ಆ ಶ್ರೇಯಾಂಸನೇ ಹಿಂದೆ ಶ್ರೀಮತಿಯಾಗಿದ್ದವಳು. ಮೊದಲ ಕಥೆಯಲ್ಲಿ ಸಣ್ಣದಾಗಿ ಕಂಡ ಒಂದು ತುತ್ತು ಉತ್ತರಕಥೆಯಲ್ಲಿ ಇಷ್ಟು ದೊಡ್ಡದಾಗುತ್ತದೆ. ಹೊಸ ಮಾಂತ್ರಿಕನೊಬ್ಬನನ್ನು ಹೊರಗಿನಿಂದ ಕರೆಸಬೇಕಾಗಲಿಲ್ಲ.

ಇನ್ನು ಕೊಪ್ಪ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯುವ ಕತ್ತಿಯ ಮುಂದೆ ಕುಳಿತವರಿಗೆ ನಿದ್ದೆ ಬಾರದಂತೆ ನಮ್ಮಜ್ಜಿ ಕಥೆ ಹೇಳುತ್ತಿದ್ದಳು. ಅವುಗಳಲ್ಲೊಂದು ಹೂವಾಗುವ ಹುಡುಗಿಯ ಕಥೆ. ಮೈಸೂರಿನ ಎ. ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿದ ಈ ಕಥೆಯ ಹೆಸರನ್ನೇ ಹೊತ್ತ ಅವರ ಪುಸ್ತಕ ೧೯೯೭ರಲ್ಲಿ ಪ್ರಕಟವಾಯಿತು. ಗಿರೀಶ ಕಾರ್ನಾಡರು ೧೯೯೨ರಲ್ಲಿ ಇದನ್ನು 'ಚೆಲುವಿ' ಎಂಬ ಚಲಚ್ಚಿತ್ರ ಮಾಡಿದರು. ಬಡವಿಯ ಕಿರಿಯ ಮಗಳು. ಉಗುರು ಸೋಕದಂತೆ ಒಂದು ಬಿಂದಿಗೆ ನೀರು ಸುರಿದರೆ ಹೂವಿನ ಮರವಾಗುತ್ತಾಳೆ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಆ ಹೂವನ್ನು ಅರಮನೆಗೆ ಮಾರುತ್ತಾರೆ. ರಾಜಕುಮಾರ ಗುಟ್ಟನ್ನು ಅಡಗಿ ನೋಡಿ ಅವಳನ್ನೇ ಮದುವೆಯಾಗುತ್ತಾನೆ. ಸಿನಿಮಾದ ಲೆಕ್ಕದಲ್ಲಿ ಕಥೆ ಮುಗಿಯಿತು. ಅಜ್ಜಿಯ ಲೆಕ್ಕದಲ್ಲಿ ಅರ್ಧವಾಯಿತು, ಅಷ್ಟೆ.

ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗೆಂದು ಹಟಹಿಡಿಯುತ್ತಾಳೆ. ಜೊತೆಯ ಹುಡುಗಿಯರು ಕೊಂಬೆ ಮುರಿಯುತ್ತಾರೆ, ಎಲೆ ಹರಿಯುತ್ತಾರೆ, ಎರಡನೆಯ ಬಿಂದಿಗೆಯನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ಓಡಿಹೋಗುತ್ತಾರೆ. ಅವಳು ಕೈಕಾಲಿಲ್ಲದ ಅರೆದೇಹವಾಗಿ ಚರಂಡಿಯಲ್ಲಿ ಬಿದ್ದಿರುತ್ತಾಳೆ. ರಾಜಕುಮಾರ ಪಶ್ಚಾತ್ತಾಪದಿಂದ ಅಲೆದು ಅಲೆದು ಅಕ್ಕನ ಊರು ಸೇರುತ್ತಾನೆ. ಅಲ್ಲಿ ಅವಳನ್ನು ಗುರುತಿಸುತ್ತಾನೆ. ಒಂದು ಬಿಂದಿಗೆ ಸುರಿದು ಮರಮಾಡಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಎರಡನೆಯ ಬಿಂದಿಗೆ ಸುರಿಯುತ್ತಾನೆ. ಮೊದಲ ಅರ್ಧದಲ್ಲಿ ಅವನಿಗೆ ಬೇಕಾಗಿದ್ದುದು ಹೂವು. ಅವನಿಗೆ ಬೇಕಾದುದು ಹೂವೋ, ಹುಡುಗಿಯೋ? ಉಳಿದಿದ್ದ ಪ್ರಶ್ನೆ ಇದು. ಉತ್ತರಾರ್ಧ ಇದನ್ನು ತೀರಿಸದೆ ಬಿಡುವುದಿಲ್ಲ. ಕಾಳಿದಾಸನ ಶಾಕುಂತಲದಲ್ಲಿಯೂ ಹಾಗೆಯೇ. ಏಳು ಅಂಕಗಳಲ್ಲಿ ನಾಲ್ಕನೆಯದು ಆರಂಭವಾಗುವ ಹೊತ್ತಿಗೆ ಮದುವೆ ಆಗಿಹೋಗಿದೆ. ನಾವು ಕಣ್ಣೀರಿಡುವುದೆಲ್ಲ ಆಮೇಲೆ.

ಈ ಒರೆಗಲ್ಲನ್ನು ಹಿಡಿದುಕೊಂಡು ಈಗ ಸಿನಿಮಾಗಳ ಕಡೆಗೆ ಮರಳೋಣ.

೨೦೦೨ರ ಸಿಂಡ್ರೆಲಾ ಎರಡನೆಯ ಭಾಗದಲ್ಲಿ ಮೂರು ಬಿಡಿ ಕಥೆಗಳಿವೆ. ಒಂದರಲ್ಲಿ ಅವಳು ಅರಮನೆಯ ಔತಣದ ರೀತಿನೀತಿಗಳನ್ನು ಕಲಿಯುತ್ತಾಳೆ. ಇನ್ನೊಂದರಲ್ಲಿ ಅವಳ ಇಲಿಯೊಂದು ಮನುಷ್ಯನಾಗುತ್ತದೆ. ಮೂರನೆಯದರಲ್ಲಿ ಮಲಸೋದರಿ ಅನಸ್ತೇಸಿಯಾ ಒಬ್ಬ ಬ್ರೆಡ್ಡಿನ ಅಂಗಡಿಯವನನ್ನು ಪ್ರೀತಿಸುತ್ತಾಳೆ. ಮೊದಲನೆಯ ಕಥೆ ಉಳಿಸಿದ ಯಾವ ಪ್ರಶ್ನೆಯನ್ನೂ ಮೊದಲೆರಡು ಕಥೆಗಳು ಮುಟ್ಟುವುದಿಲ್ಲ. ಮೂರನೆಯದರಲ್ಲಿ ಮಾತ್ರ ಸ್ವಲ್ಪ ಜೀವವಿದೆ. ಕೆಟ್ಟವಳೆಂದು ನಾವು ಬಿಟ್ಟುಬಂದವಳಿಗೂ ಒಂದು ಮನಸ್ಸುಂಟೆ ಎಂದು ಅದು ಕೇಳುತ್ತದೆ. ನಮ್ಮ ಹುಡುಗಿ ಅಲ್ಲಿಯವರೆಗೆ ಕೂರಲಿಲ್ಲ.

೨೦೦೭ರ ಮೂರನೆಯ ಭಾಗ ಇದೇ ಎಳೆಯನ್ನು ಹಿಡಿಯಿತು. ಮಂತ್ರದ ಕೋಲು ಮಲತಾಯಿಯ ಕೈಸೇರುತ್ತದೆ. ಅವಳು ಕಾಲವನ್ನೇ ಹಿಂದಕ್ಕೆ ತಿರುಗಿಸಿ, ಪಾದರಕ್ಷೆಯು ಅನಸ್ತೇಸಿಯಾಳ ಕಾಲಿಗೆ ಹೊಂದುವಂತೆ ಮಾಡುತ್ತಾಳೆ. ಅದು ಬೇರೊಬ್ಬಳ ಕಾಲಿಗೂ ಸರಿಯಾದರೆ ರಾಜಕುಮಾರ ಏನು ಮಾಡುತ್ತಾನೆ? ಅವನು ಮೆಚ್ಚಿದ್ದು ಪಾದವನ್ನೋ, ಮನುಷ್ಯಳನ್ನೋ? ಹೂವಾಗುವ ಹುಡುಗಿಯ ಕಥೆಯ ಪ್ರಶ್ನೆಯೇ ಇದು! ಕೊನೆಯಲ್ಲಿ ಸಿಂಡ್ರೆಲಾಳ ರೂಪದಲ್ಲಿ ಮದುವೆಯ ಮಂಟಪದಲ್ಲಿ ನಿಂತ ಅನಸ್ತೇಸಿಯಾ ತಾನಾಗಿ ಒಲ್ಲೆ ಎನ್ನುತ್ತಾಳೆ. ತನ್ನನ್ನು ತಾನೆಂದೇ ಒಲಿಯುವವರು ಅವಳಿಗೆ ಬೇಕು. ಈ ಚಿತ್ರವನ್ನೂ ಅಗ್ಗದ ಪದ್ಧತಿಯಲ್ಲಿಯೇ ಮಾಡಿದರು. ಆದರೂ ಎರಡನೆಯದಕ್ಕಿಂತ ಎಷ್ಟೋ ಪಾಲು ಉತ್ತಮವಾಗಿದೆ. ಹಣವೊಂದೇ ಕಾರಣವಲ್ಲವೆಂದು ನಾನು ಹೇಳಿದುದಕ್ಕೆ ಇದೇ ಸಾಕ್ಷಿ.

'ಲಿಟಲ್ ಮರ್ಮೇಡ್'ನ ಉತ್ತರಭಾಗದ್ದು ಬೇರೊಂದು ಬಗೆಯ ಸೋಲು. ಕಡಲನ್ನು ಬಿಟ್ಟು ನೆಲಕ್ಕೆ ಬಂದ ಏರಿಯಲ್ ಈಗ ತಾಯಿ. ಮಗಳಿಗೆ ಕಡಲಿನ ಆಸೆ. ಅಪಾಯವಿದೆಯೆಂದು ತಾಯಿ ಗೋಡೆ ಕಟ್ಟಿಸುತ್ತಾಳೆ, ಮಗಳಿಗೆ ಅವಳ ಮೂಲವನ್ನೇ ಹೇಳುವುದಿಲ್ಲ. ತಂದೆಯ ಅಂಕೆಯನ್ನು ಮೀರಿ ಬಂದವಳು ತಾನೇ ಅಂಕೆಯಾಗುತ್ತಾಳೆ! ಎಂತಹ ಒಳ್ಳೆಯ ಪ್ರಶ್ನೆ! ಆದರೆ ಚಿತ್ರ ಅದರ ಬಳಿ ನಿಲ್ಲುವುದಿಲ್ಲ. ಹಿಂದಿನ ಮಾಟಗಾತಿಗೆ ಒಬ್ಬ ತಂಗಿಯನ್ನು ಸೃಷ್ಟಿಸಿ, ಹಿಂದಿನ ಕಥೆಯನ್ನೇ ತಿರುಗುಮುರುಗು ಮಾಡಿ ಓಡುತ್ತದೆ. ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡು ಬೇರೆ ಉತ್ತರ ಬರೆದ ವಿದ್ಯಾರ್ಥಿಯಂತಾಯಿತು.

ಹಣಕ್ಕೆ ಕೊರತೆಯಿಲ್ಲದೆ ಚಿತ್ರಮಂದಿರಕ್ಕಾಗಿಯೇ ಮಾಡಿದ ಉತ್ತರಭಾಗವೂ ಒಂದುಂಟು. ೨೦೧೩ರ 'ಫ್ರೋಜನ್'ಗೆ ೨೦೧೯ರಲ್ಲಿ ಬಂದ ಮುಂದಿನ ಕಥೆ ಅದು. ಎಲ್ಸಾಳಿಗೆ ಹಿಮದ ಶಕ್ತಿ ಎಲ್ಲಿಂದ ಬಂದಿತೆಂಬ ನಿಜವಾದ ಪ್ರಶ್ನೆ ಅದರಲ್ಲಿದೆ. ಹುಡುಕುತ್ತ ಹೋದಾಗ ತಮ್ಮ ಅಜ್ಜನು ಕಾಡಿನ ಜನರಿಗೆ ಅಣೆಕಟ್ಟೆಯೊಂದನ್ನು ಕೊಡುಗೆ ಎಂಬ ಹೆಸರಿನಲ್ಲಿ ಕಟ್ಟಿಸಿ ದ್ರೋಹ ಮಾಡಿದ್ದನೆಂದು ತಿಳಿಯುತ್ತದೆ. ತಂಗಿ ಅನ್ನಾ, ಊರು ಮುಳುಗಿದರೂ ಚಿಂತೆಯಿಲ್ಲ, ಕಟ್ಟೆಯನ್ನು ಒಡೆಯಬೇಕೆಂದು ನಿಶ್ಚಯಿಸುತ್ತಾಳೆ. ಇಷ್ಟು ದೂರ ಕಥೆ ಧೈರ್ಯವಾಗಿ ಬರುತ್ತದೆ. ಆದರೆ ನೀರು ಊರಿನ ಹತ್ತಿರ ಬಂದಾಗ ಎಲ್ಸಾ ತಡೆದುಬಿಡುತ್ತಾಳೆ. ಯಾರ ಮನೆಯ ಹಂಚೂ ನೆನೆಯುವುದಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಹಿನ್ನೀರು ನಮ್ಮ ನರಸಿಂಹರಾಜಪುರದ ಅಂಚಿನಲ್ಲಿಯೇ ನಿಂತಿದೆ. ಅದರಡಿಯಲ್ಲಿ ಮನೆ, ಗದ್ದೆ ಹೋದವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಅಣೆಕಟ್ಟೆಯ ಲೆಕ್ಕ ಯಾರದೋ ಬೆಲೆಯಿಂದಲ್ಲದೆ ತೀರುವುದಿಲ್ಲವೆಂಬುದು ನಮಗೆ ಗೊತ್ತು. ಚಿತ್ರ ಬಲು ಅಂದವಾಗಿದೆ, ಸಂದೇಹವಿಲ್ಲ. ಉತ್ತರವನ್ನು ಬರೆದು ಕೊನೆಯ ಸಾಲನ್ನು ಮಾತ್ರ ಹೊಡೆದುಹಾಕಿದಂತಿದೆ, ಅಷ್ಟೆ.

ಇದಕ್ಕೆ ಒಂದು ಆಕ್ಷೇಪವುಂಟು. ಮಕ್ಕಳಿಗೆ ಇಷ್ಟೆಲ್ಲ ಬೇಕೆ? ತಾವು ಮೆಚ್ಚಿದವರನ್ನು ಮತ್ತೊಮ್ಮೆ ಕಂಡರೆ ಸಾಲದೆ? ನ್ಯಾಯವಾದ ಮಾತೇ. ನಾವೂ ನೋಡಿದ ಯಕ್ಷಗಾನ ಪ್ರಸಂಗವನ್ನೇ ಮತ್ತೆ ನೋಡಲು ರಾತ್ರಿಯೆಲ್ಲ ಕೂರುವುದಿಲ್ಲವೆ? ಆದರೆ ಅದಕ್ಕೆ ಮೊದಲನೆಯ ಚಿತ್ರವನ್ನೇ ಮತ್ತೆ ನೋಡಿದರಾಯಿತು. ನಮ್ಮ ಹುಡುಗಿ ಹಾಗೆಯೇ ನೋಡುತ್ತಿದ್ದಳು. 'ಆಮೇಲೆ?' ಎಂದು ಕೇಳಿದ ಮೇಲೆ ಮಾತು ಬೇರೆ. ಆ ಪ್ರಶ್ನೆಯನ್ನು ದೊಡ್ಡವರು ಹಗುರವಾಗಿ ತೆಗೆದುಕೊಳ್ಳಬಾರದು. ಮದುವೆಯಾದ ಮೇಲೆ ಹೇಳುವಂತಹುದು ಏನೂ ಇಲ್ಲವೆಂದು ಹತ್ತು ಚಿತ್ರಗಳು ಹತ್ತು ಸಲ ಹೇಳಿದರೆ, ಆರು ವರ್ಷದವಳು ಅದನ್ನು ನಂಬಿ ಬೆಳೆಯುತ್ತಾಳೆ. ಇಪ್ಪತ್ತು ವರ್ಷದವರೂ ನಂಬುತ್ತಾರೆ. ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಮದುವೆಯ ತಿಂಗಳುಗಳು ಕಳೆದ ಮೇಲೆ ಕೆಲವು ಹೆಸರುಗಳ ಮುಂದೆ ಬರಿಯ ಗೈರುಹಾಜರಿಯ ಗುರುತುಗಳೇ ಸಾಲಾಗಿ ಬರುತ್ತವೆ. ಅವರು ಸುಖವಾಗಿಯೇ ಇರಬಹುದು. ಆದರೆ ಅವರ ಕಥೆ ಮುಗಿಯಿತೆಂದು ಹೇಳಲು ನಾವು ಯಾರು?

ಮೂರನೆಯ ರಾತ್ರಿ ಮತ್ತೆ ಕರೆಂಟು ಹೋಯಿತು. ಮೇಣದಬತ್ತಿಯ ಬೆಳಕಿನಲ್ಲಿ ನಾನು ಹುಡುಗಿಗೆ ಹೂವಾಗುವ ಹುಡುಗಿಯ ಕಥೆ ಹೇಳಿದೆ. ಅಜ್ಜಿಯಷ್ಟು ಚೆನ್ನಾಗಿ ಹೇಳಲು ನನಗೆ ಬಾರದು. ಆದರೂ ಅವಳು ಏಳಲಿಲ್ಲ, ಹೂಂಗುಟ್ಟುವುದನ್ನೂ ನಿಲ್ಲಿಸಲಿಲ್ಲ. ಕೊಂಬೆ ಮುರಿಯುವ ಕಡೆ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಅವ್ಳು ಆಮೇಲೆ ಮರ ಆಗ್ಲೇ ಇಲ್ವಾ?" ಎಂದು ಕೇಳಿದಳು.

ಅಜ್ಜಿಯ ಕಥೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ತಡವರಿಸಿದೆ. ಒಳಗಿನಿಂದ ಅಕ್ಕ ಹೇಳಿದಳು: "ಆದ್ಲು ಪುಟ್ಟಿ. ಆದ್ರೆ ನೀರು ಯಾರು ಹಾಕ್ಬೇಕು, ಯಾವಾಗ ಹಾಕ್ಬೇಕು ಅಂತ ಅವ್ಳೇ ಹೇಳಿದ್ಲು."

ಹುಡುಗಿಗೆ ಸಮಾಧಾನವಾಯಿತು, ಮಲಗಿದಳು. ಮರುದಿನ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದ ಅಕ್ಕ ಊರಿನ ಸಮಾಚಾರವನ್ನೆಲ್ಲ ಮಾತಾಡಿದಳು. ಅಡಿಕೆಗೆ ಕೊಳೆರೋಗ ಬಿದ್ದುದನ್ನು ಹೇಳಿದಳು. ಬಸ್ಸು ತಿರುವಿನಲ್ಲಿ ಕಂಡಾಗ, "ಮೈಸೂರಿನ ಓಪನ್ ಯೂನಿವರ್ಸಿಟಿಯಲ್ಲಿ ನಿಂತುಹೋದ ಬಿ.ಎ. ಮತ್ತೆ ಕಟ್ಟೋಕಾಗುತ್ತಾ, ಅರ್ಜಿ ಯಾವಾಗ ಕೊಡ್ತಾರೆ, ನಿಮ್ಮ ಕಾಲೇಜಿನಲ್ಲಿ ಯಾರನ್ನಾದ್ರೂ ಕೇಳಿ ಹೇಳು" ಎಂದಳು. ಅತ್ತೆಯವರಿಗೆ ಹೇಳಿದ್ದೀಯಾ ಎಂದು ನಾನು ಕೇಳುವಷ್ಟರಲ್ಲಿ ಬಸ್ಸು ಬಂದು ನಿಂತಿತು.

ನಾನು ಕಾಲೇಜಿನಲ್ಲಿ ಕೇಳಿ, ಬೇಕಾದ ಕಾಗದಪತ್ರಗಳ ಪಟ್ಟಿಯನ್ನು ಅಕ್ಕನಿಗೆ ಕಳುಹಿಸಿದ್ದೇನೆ. ಮುಂದಿನದನ್ನು ಬರೆಯಬೇಕಾದವಳು ಆಕೆ.